ಅಜ್ಜಿಯ ಟಿವಿ, ನನ್ನ ಫೋನು

ಹಾಸ್ಟೆಲ್‌ನಲ್ಲಿ ನನ್ನ ಫೋನಿಗೆ ಕೆಟ್ಟ ಹೆಸರಿದೆ. ಕಾಮನ್ ರೂಮಿನಲ್ಲಿ ಮ್ಯಾಚ್ ಕೊನೇ ಓವರ್‌ಗೆ ಬಂದಾಗ ಚಾನೆಲ್ ಬದಲಾದರೆ ಎಲ್ಲರೂ ಮೊದಲು ನನ್ನ ಜೇಬು ನೋಡ್ತಾರೆ. ಫೋನಿನ ನೆತ್ತಿ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಇದೆಯಲ್ಲ, ಆ ಐಆರ್ ಬ್ಲಾಸ್ಟರ್‌ನ ಮಹಿಮೆ. ಅದರಿಂದ ಮನೆಯಲ್ಲೂ ಒಂದು ತಪ್ಪು ಮಾಡಿದ್ದೇನೆ. ಇಲ್ಲಿ ಒಪ್ಪಿಕೊಂಡುಬಿಡ್ತೀನಿ.

ನಮ್ಮೂರು ಮಾಕುಟ್ಟ. ವಿರಾಜಪೇಟೆಯಿಂದ ಕಣ್ಣೂರಿಗೆ ಇಳಿಯುವ ಘಾಟಿ ರಸ್ತೆಯಲ್ಲಿ ಕರ್ನಾಟಕ ಮುಗಿಯುವ ಜಾಗ. 2018ರ ಮಳೆಯಲ್ಲಿ ಗುಡ್ಡ ಕುಸಿದು ಬಂದ್ ಆಗಿತ್ತಲ್ಲ, ಅದೇ ರಸ್ತೆ. ಪಕ್ಕದ ಮನೆಯಲ್ಲಿ ಚಿಕ್ಕಪ್ಪ ಇದ್ದಾರೆ, ನಮ್ಮ ಮನೆಯಲ್ಲಿ ಅಜ್ಜಿ ಒಬ್ಬರೇ. ಮಳೆಗಾಲದಲ್ಲಿ ಅವರಿಗೆ ಜೊತೆ ಅಂದರೆ ಟಿವಿ.

ಕಳೆದ ಜೂನ್ ರಜೆಯಲ್ಲಿ ರಿಮೋಟ್ ಕೈಕೊಟ್ಟಿತು. ಸೆಲ್ ಬದಲಾಯಿಸಿದರೂ ಇಲ್ಲ. "ಅದು ಸತ್ತೋಯ್ತು ಅಜ್ಜಿ, ಇನ್ನು ಎಲ್ಲಾ ಫೋನಲ್ಲೇ" ಅಂದೆ. ಸಿಗ್ನಲ್ ಸಿಗೋ ತನಕ ರಸ್ತೆಯಲ್ಲಿ ನಡೆದು ಹೋಗಿ, ಆಪ್‌ನಲ್ಲಿ ನಮ್ಮ ಟಿವಿಯ ಕೋಡ್ ಇಳಿಸಿಕೊಂಡೆ. ಒಮ್ಮೆ ಇಳಿಸಿಕೊಂಡರೆ ಸಾಕು, ಆಮೇಲೆ ನೆಟ್ ಬೇಡ.

ಅಜ್ಜಿ ಬಾಯಿಬಿಟ್ಟು ನೋಡಿದರು. ನಾನು ಲೆಕ್ಚರ್ ಶುರುಮಾಡಿದೆ. ರಿಮೋಟ್ ಬಿಡೋದು 940 ನ್ಯಾನೋಮೀಟರ್ ಆಸುಪಾಸಿನ ಬೆಳಕು, ಕಣ್ಣಿಗೆ ಕಾಣಲ್ಲ. ಅದು ಸೆಕೆಂಡಿಗೆ ಸುಮಾರು 38,000 ಸಲ ಮಿಣುಕತ್ತೆ. ಟಿವಿ ಆ ತಾಳವನ್ನು ಮಾತ್ರ ಕೇಳಿಸಿಕೊಳ್ಳೋದರಿಂದ ಬಲ್ಬು, ಬಿಸಿಲಿಗೆಲ್ಲ ಮೋಸ ಹೋಗಲ್ಲ. ಎನ್‌ಇಸಿ ಪದ್ಧತಿಯಲ್ಲಾದರೆ ಮೊದಲು 9 ಮಿಲಿಸೆಕೆಂಡ್ ಮಿಣುಕು, 4.5 ಮಿಲಿಸೆಕೆಂಡ್ ಮೌನ, ಆಮೇಲೆ 32 ಬಿಟ್. ಯಾರಿಗೆ ಹೇಳ್ತಿದೀನಿ, ಏನು ಮಾಡಬೇಕು ಅನ್ನೋದನ್ನ ಒಮ್ಮೆ ನೇರವಾಗಿ, ಒಮ್ಮೆ ತಿರುಗುಮುರುಗಾಗಿ ಕಳಿಸತ್ತೆ, ತಪ್ಪಾಗಬಾರದು ಅಂತ.

"ಆಯ್ತು ಮಗ, ಸೀರಿಯಲ್ ಹಾಕು" ಅಂದರು ಅಜ್ಜಿ.

ಹತ್ತು ದಿನ ನನ್ನದೇ ದರ್ಬಾರು. ಹೊರಡುವ ಹಿಂದಿನ ರಾತ್ರಿ ಫ್ರೆಂಡ್ ಜೊತೆ ಮಾತಾಡೋಕೆ ಅಂತ ಟಿವಿ ಸೌಂಡ್ 4ಕ್ಕೆ ಇಳಿಸಿದೆ. ಬೆಳಗ್ಗೆ ಬಸ್ ಹತ್ತಿದೆ. ಮನೆಯ ರಿಮೋಟ್ ನನ್ನ ಜೇಬಲ್ಲೇ ಹೊರಟಿತ್ತು. ನನಗೆ ಹೊಳೆಯಲೇ ಇಲ್ಲ.

ಎರಡು ತಿಂಗಳಾದ ಮೇಲೆ ಮನೆಗೆ ಹೋದೆ. ಗೋಡೆ ಪಕ್ಕ ಇರುತ್ತಿದ್ದ ಅಜ್ಜಿಯ ಕುರ್ಚಿ ಟಿವಿ ಮುಂದೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಬಂದಿತ್ತು. ಹೊರಗೆ ಹೆಂಚಿನ ಮೇಲೆ ಜಡಿಮಳೆ. ಒಳಗೆ ಸೌಂಡ್ ಇನ್ನೂ 4. ಟಿವಿಯ ಬಟನ್‌ಗಳು ಹಿಂಭಾಗದಲ್ಲಿ, ಗೋಡೆಗೆ ಅಂಟಿಕೊಂಡಿವೆ, ಅವು ಇರೋದೇ ಅವರಿಗೆ ಗೊತ್ತಿಲ್ಲ. ಗೋಡೆಯ ಸ್ವಿಚ್ ಹಾಕಿ, ನಾನು ಬಿಟ್ಟುಹೋದ ಒಂದೇ ಚಾನೆಲನ್ನು ಎರಡು ತಿಂಗಳು ನೋಡಿದ್ದರು.

"ಫೋನ್ ಮಾಡಿದಾಗ ಹೇಳೋದಲ್ವಾ ಅಜ್ಜಿ?"

"ನಿಂಗೆ ಪರೀಕ್ಷೆ ಇರತ್ತೆ. ಇದೊಂದು ಹೇಳೋ ವಿಷಯವಾ?"

ಅಷ್ಟು ಲೆಕ್ಚರ್ ಕೊಟ್ಟವನಿಗೆ ಬಾಯಿ ಬರಲಿಲ್ಲ. ಕಪಾಟಿನಿಂದ ಆ ಸತ್ತ ರಿಮೋಟ್ ತೆಗೆದೆ. ಮುಂದಿನ ಕ್ಯಾಮೆರಾ ಆನ್ ಮಾಡಿ, ಅದರ ಎದುರು ರಿಮೋಟ್ ಹಿಡಿದು ಬಟನ್ ಒತ್ತಿದೆ. ಕಣ್ಣಿಗೆ ಕಾಣದ ಆ ಬೆಳಕು ಕ್ಯಾಮೆರಾದಲ್ಲಿ ನೇರಳೆ ಬಣ್ಣದಲ್ಲಿ ಕಾಣಬೇಕು. ಕಾಣಲಿಲ್ಲ. ಸೆಲ್ ಕೂರುವ ಜಾಗ ನೋಡಿದರೆ ಸ್ಪ್ರಿಂಗ್ ತುಂಬಾ ಹಸಿರು ಕಿಲುಬು. ಮಾಕುಟ್ಟದ ಶೀತ! ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿ ಹೊಸ ಸೆಲ್ ಹಾಕಿದೆ. ನೇರಳೆ ಚುಕ್ಕೆ ಮಿಣುಕಿತು.

ಹತ್ತು ನಿಮಿಷದ ಕೆಲಸ. ಜೂನ್‌ನಲ್ಲೇ ಮಾಡಬಹುದಿತ್ತು. ಆದರೆ ಆಗ ನನಗೆ ರಿಮೋಟ್ ರಿಪೇರಿಗಿಂತ ಫೋನ್ ತೋರಿಸೋದು ಮುಖ್ಯವಾಗಿತ್ತು.

ಸೌಂಡ್ ಪ್ಲಸ್ ಮೇಲೆ ಕೆಂಪು, ಚಾನೆಲ್ ಮೇಲೆ ಹಳದಿ ಟೇಪ್ ಅಂಟಿಸಿ ಕೊಟ್ಟೆ. ಸಂಜೆಗೆ ಕುರ್ಚಿ ಗೋಡೆ ಪಕ್ಕಕ್ಕೆ ವಾಪಸ್ ಹೋಗಿತ್ತು. ಮೊನ್ನೆ ಫೋನ್ ಮಾಡಿ "ಸೌಂಡ್ ಸರಿ ಕೇಳ್ತಾ ಇದೆಯಾ ಅಜ್ಜಿ?" ಅಂದೆ.

"ನಿಂಗ್ಯಾಕೆ ಅದೆಲ್ಲಾ? ರಿಮೋಟ್ ಈಗ ನನ್ನ ಹತ್ರ ಇದೆ" ಅಂತ ಫೋನ್ ಇಟ್ಟರು. ಸೀರಿಯಲ್ ಟೈಮ್ ಆಗಿತ್ತು.