ಮಾವನ ತಟ್ಟೆಗಳು

ವಾರವೆಲ್ಲ ತರಗತಿಯಲ್ಲಿ ಪಂಪನನ್ನು ಪಾಠ ಹೇಳುವವನು ಭಾನುವಾರ ಬೆಳಗಾದರೆ ಚಿಕ್ಕಪೇಟೆಯ ಬೀದಿಬದಿಯಲ್ಲಿ ಕುಕ್ಕರಗಾಲಲ್ಲಿ ಕುಳಿತು, ಡೀಪ್ ಪರ್ಪಲ್, ಬ್ಲ್ಯಾಕ್ ಸಬತ್ ಎಂದು ಹಳೆಯ ಗ್ರಾಮಫೋನ್ ತಟ್ಟೆಗಳ ಧೂಳು ಕೊಡವುತ್ತಾನೆಂದರೆ ವಾಚಕರು ನಗಬಹುದು. ನನ್ನ ಹೆಂಡತಿ ನಕ್ಕು ನಕ್ಕು ಸಾಕಾಗಿ ಈಗ ಸುಮ್ಮನಾಗಿದ್ದಾಳೆ. ಮೊದಮೊದಲು, “ಏನ್ರೀ ಇದು, ಕಬ್ಬಿಣದಂಗಡಿ ಸದ್ದು!” ಎನ್ನುತ್ತಿದ್ದಳು.

ಆ ಮಾತು ಸುಳ್ಳಲ್ಲ. ಬ್ಲ್ಯಾಕ್ ಸಬತ್ತಿನ ಗಿಟಾರುವಾದಕ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮಿನ ಒಂದು ತಗಡಿನ ಕಾರ್ಖಾನೆಯಲ್ಲಿ ಕೂಲಿಯಾಗಿದ್ದವನು. ಕೆಲಸ ಬಿಡುವ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋದವು. ಎಡಗೈಯಿಂದ ನುಡಿಸುವವನಾದ್ದರಿಂದ ತಂತಿ ಅದುಮಬೇಕಾದ ಬೆರಳುಗಳೇ ಅವು. ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಮುಂದೆ ತಂತಿಗಳ ಬಿಗಿಯನ್ನೂ ಸಡಿಲಿಸಿದ. 1971ರ ತಟ್ಟೆಯಲ್ಲಿ ಕೇಳುವ ಆ ಭಾರವಾದ, ನೆಲ ನಡುಗಿಸುವ ನಾದದಲ್ಲಿ ಆ ಸಡಿಲಿಕೆಯ ಪಾಲೂ ಇದೆ.

ಸಂಗ್ರಹಕಾರರಿಗೆ ಅವರದೇ ಒಂದು ಮಡಿಯುಂಟು. ತಟ್ಟೆಯನ್ನು ಅಂಚು ಹಿಡಿದೇ ಎತ್ತಬೇಕು, ಬೆಳಕಿಗೆ ಓರೆಮಾಡಿ ಗೀರು ನೋಡಬೇಕು, ಪುಸ್ತಕದಂತೆ ನೇರವಾಗಿ ನಿಲ್ಲಿಸಬೇಕು. ಒಂದರ ಮೇಲೊಂದು ಹೇರಿದರೆ ಹಪ್ಪಳದಂತೆ ಡೊಂಕಾದೀತು. ನಮ್ಮ ಮಳೆಗಾಲದಲ್ಲಿ ರಟ್ಟಿಗೆ ಹಿಡಿಯುವ ಬೂಷ್ಟಿನ ವಿಚಾರ ಬೇರೆಯೇ ಇದೆ. ನಡುವಿನ ಚೀಟಿಯ ಸುತ್ತಲ ನುಣುಪು ಜಾಗದಲ್ಲಿ ಸಣ್ಣ ಅಂಕಿಗಳನ್ನು ಕೆತ್ತಿರುತ್ತಾರೆ. ಅದನ್ನು ಓದಿ ಇಂಗ್ಲೆಂಡಿನ ಮೊದಲ ಮುದ್ರಣವೋ ಅಲ್ಲವೋ ಎಂದು ಬಲ್ಲವರು ನಿರ್ಣಯಿಸುತ್ತಾರೆ. ಶಾಸನ ಓದುವ ನಮ್ಮ ಪಂಡಿತರ ಗಾಂಭೀರ್ಯ ಅವರ ಮುಖದಲ್ಲಿ. ಕಲ್ಕತ್ತದ ಡಮ್ ಡಮ್‌ನಲ್ಲಿ ಗ್ರಾಮಫೋನ್ ಕಂಪೆನಿ ಆಫ್ ಇಂಡಿಯಾ ಒತ್ತಿದ ತಟ್ಟೆ ಕಂಡರೆ ಅವರಲ್ಲಿ ಅನೇಕರಿಗೆ ತಾತ್ಸಾರ. ನನಗೆ ಬೇಕಾದದ್ದು ಅದೇ. ಏಕೆಂದರೆ ನನ್ನ ಸೋದರಮಾವನ ಬಳಿ ಇದ್ದದ್ದು ಅದು.

ಮಾವನ ಮನೆಗೆ ಇದೇ ಪತ್ರಿಕೆ ಬರುತ್ತದೆ. ಬರಲಿ, ಬರೆದುಬಿಡುತ್ತೇನೆ.

ಮಾವ 1974ರಲ್ಲಿ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದವರು. ಸಂಬಳ ಬಂದಾಗ ಒಂದೊಂದಾಗಿ ಕೊಂಡು ನಲವತ್ತು ತಟ್ಟೆಗಳಷ್ಟು ಕೂಡಿಸಿದ್ದರು. ಪ್ರತಿಯೊಂದು ರಟ್ಟಿನ ಹಿಂಭಾಗದ ಬಲಮೂಲೆಯಲ್ಲಿ ಹಸಿರು ಶಾಯಿಯಲ್ಲಿ ತಮ್ಮ ಹೆಸರಿನ ಮೊದಲಕ್ಷರ, ಕೊಂಡ ತಾರೀಖು. ನಾನು ಏಳೆಂಟು ವರ್ಷದವನಿದ್ದಾಗ ಚಾಪೆಯ ಮೇಲೆ ಮಲಗಿಸಿಕೊಂಡು ‘ಮೆಷೀನ್ ಹೆಡ್’ ಹಾಕಿ, ‘ಸ್ಮೋಕ್ ಆನ್ ದಿ ವಾಟರ್’ ಹಾಡಿನ ಕಥೆ ಹೇಳುತ್ತಿದ್ದರು. ಸ್ವಿಟ್ಸರ್ಲೆಂಡಿನ ಮೋಂಟ್ರೋ ಊರಿನ ಸರೋವರದ ದಡದಲ್ಲಿ ಒಂದು ಕ್ಯಾಸಿನೊ. 1971ರ ಡಿಸೆಂಬರಿನಲ್ಲಿ ಡೀಪ್ ಪರ್ಪಲ್ಲಿನವರು ಅಲ್ಲಿಯೇ ತಟ್ಟೆ ಮುದ್ರಿಸಬೇಕೆಂದು ಬಂದಿದ್ದರು. ಅದಕ್ಕೆ ಮುಂಚೆ ನಡೆದ ಫ್ರಾಂಕ್ ಜಾಪಾನ ಕಛೇರಿಯಲ್ಲಿ ಯಾವನೋ ಪುಣ್ಯಾತ್ಮ ಚಾವಣಿಗೆ ಬೆಂಕಿಬಾಣ ಹಾರಿಸಿದ. ಕ್ಯಾಸಿನೊ ಬೂದಿಯಾಯಿತು, ಹೊಗೆ ನೀರಿನ ಮೇಲೆ ಹರಡಿತು. ಕೊನೆಗೆ ಚಳಿಗಾಲಕ್ಕೆ ಮುಚ್ಚಿದ್ದ ಹೋಟೆಲೊಂದರ ಓಣಿಯಲ್ಲಿ ಸದ್ದಿಗೆ ಅಡ್ಡವಾಗಿ ಹಾಸಿಗೆಗಳನ್ನು ನಿಲ್ಲಿಸಿಕೊಂಡು ನುಡಿಸಿದರು. ನುಡಿಸಿದ್ದನ್ನು ಕೇಳಬೇಕೆಂದರೆ ಹೊರಗೆ ನಿಂತಿದ್ದ ಮುದ್ರಣದ ಲಾರಿಗೆ ಕೋಣೆ, ಮೊಗಸಾಲೆಗಳನ್ನು ಸುತ್ತಿ ಹೋಗಬೇಕು. ಬೇಸತ್ತು ಕೇಳುವುದನ್ನೇ ಬಿಟ್ಟರಂತೆ.

ಮಾವನಿಗೆ ಉತ್ತರದ ಕಡೆ ವರ್ಗವಾದಾಗ ಪೆಟ್ಟಿಗೆ ನಮ್ಮ ಅಟ್ಟ ಸೇರಿತು. 1996ರಲ್ಲಿ ಅಮ್ಮ ಅಟ್ಟ ಚೊಕ್ಕಟ ಮಾಡು ಎಂದಳು. ನಾನಾಗ ಪಿ.ಯು.ಸಿ. ಓದುತ್ತಿದ್ದೆ; ಕ್ಯಾಸೆಟ್ಟು ಬಂದ ಮೇಲೆ ತಟ್ಟೆ ಯಾರಿಗೆ ಬೇಕು ಎಂಬ ವಿವೇಕ ನನ್ನದು. ಹಳೇ ಪೇಪರಿನವನು ರಟ್ಟುಗಳನ್ನು ಕಾಗದದ ತಕ್ಕಡಿಗೂ ತಟ್ಟೆಗಳನ್ನು ಪ್ಲಾಸ್ಟಿಕ್ಕಿನ ತಕ್ಕಡಿಗೂ ಬೇರೆ ಬೇರೆ ಹಾಕಿದ. ಬಂದ ಹಣಕ್ಕೆ ಒಂದು ಸಿನಿಮಾ ಹಾಡಿನ ಕ್ಯಾಸೆಟ್ಟು ತಂದೆ. ಅಂಗಡಿಗೆ ಹೊತ್ತವನು ನಾನೇ. ಅಮ್ಮನಿಗೆ ಪೆಟ್ಟಿಗೆಯಲ್ಲಿ ಏನಿತ್ತೆಂದೂ ತಿಳಿಯದು.

ದೀಪಾವಳಿಗೆ ಮಾವ ಬಂದರು. ಅಟ್ಟ ಹತ್ತಿದರು, ಇಳಿದರು. ಅಂಗಿಯ ಧೂಳು ಕೊಡವುತ್ತ, “ಅಟ್ಟ ಚೊಕ್ಕಟವಾಗಿದೆ” ಎಂದರು. ಅಷ್ಟೇ. ಅಂದಿನಿಂದ ಇಂದಿನವರೆಗೆ ಆ ಮಾತೇ ಎತ್ತಿಲ್ಲ. ಬೈದಿದ್ದರೆ ನಾನು ಎಂದೋ ಮರೆತಿರುತ್ತಿದ್ದೆ.

2011ರಲ್ಲಿ ಬಾಕಿ ಸಂಬಳ ಬಂದಾಗ ಟರ್ನ್‌ಟೇಬಲ್ ಕೊಂಡೆ. ಈಗ ನನ್ನ ಬಳಿ ನೂರಕ್ಕೆ ಮಿಕ್ಕಿವೆ. ಯಾವ ತಟ್ಟೆ ಕೈಗೆ ಬಂದರೂ ಮೊದಲು ರಟ್ಟಿನ ಹಿಂಭಾಗದ ಬಲಮೂಲೆ ನೋಡುತ್ತೇನೆ. ತಕ್ಕಡಿಯಲ್ಲಿ ಬೇರೆಯಾದದ್ದನ್ನು ಕಣ್ಣಾರೆ ಕಂಡವನಿಗೆ ಇದು ಹುಚ್ಚೆಂದು ಗೊತ್ತು. ಆದರೂ ಅಂಗಡಿಯವನಿಗೆ ಆಮೇಲೆ ಬುದ್ಧಿ ಬಂದು ಎರಡನ್ನೂ ಕೂಡಿಸಿ ಮಾರಿರಬಾರದೇಕೆ? ಹಸಿರು ಶಾಯಿ ಮಾತ್ರ ಈವರೆಗೆ ಸಿಕ್ಕಿಲ್ಲ. ಬೇರೆಯವರ ಹೆಸರುಗಳು ಸಿಕ್ಕಿವೆ, ಹುಟ್ಟುಹಬ್ಬದ ಹಾರೈಕೆಗಳು ಸಿಕ್ಕಿವೆ. ಇವನ್ನೆಲ್ಲ ಯಾರ ಮನೆಯ ಸೋದರಳಿಯ ಮಾರಿದನೋ!

ಕಳೆದ ವರ್ಷ ಮಾವ ಬಂದಿದ್ದರು. ಎಪ್ಪತ್ತು ದಾಟಿದೆ, ಎಡಗಿವಿಗೆ ಯಂತ್ರ. ಊಟವಾದ ಮೇಲೆ ನಾನೇನೂ ಹೇಳದೆ ‘ಮೆಷೀನ್ ಹೆಡ್’ ಹೊರತೆಗೆದೆ, ಡಮ್ ಡಮ್ಮಿನದೇ. ‘ಸ್ಮೋಕ್ ಆನ್ ದಿ ವಾಟರ್’ ಬರುವ ಎರಡನೆಯ ಪಕ್ಕಕ್ಕೆ ಮುಳ್ಳು ಇಟ್ಟೆ. ಮಾವ ರಟ್ಟಿಗೆ ಕೈ ಚಾಚಿದರು. ಮುಂಭಾಗ ನೋಡಲೇ ಇಲ್ಲ. ತಿರುಗಿಸಿ ಬಲಮೂಲೆಯನ್ನು ಕಣ್ಣಿನ ಹತ್ತಿರ ಹಿಡಿದರು. ಅಲ್ಲಿ ನೀಲಿ ಶಾಯಿಯಲ್ಲಿ ಯಾವಳೋ ಹುಡುಗಿಯ ಹೆಸರಿತ್ತು.

“ಮಾವ, ಅವತ್ತು ಅಟ್ಟದಲ್ಲಿ...” ಎಂದು ಶುರುಮಾಡಿದೆ. ಅವರಿಗೆ ಕೇಳಿಸಿತೋ ಇಲ್ಲವೋ. ಕೈಯೆತ್ತಿ ತಡೆದರು.

“ಎಲ್ಲರೂ ಇಲ್ಲಿಂದಲೇ ಶುರುಮಾಡ್ತಾರೆ ಕಣೋ. ತೆಗಿ. ಮೊದಲನೇ ಪಕ್ಕ ಹಾಕು.”

ಮುಳ್ಳು ಎತ್ತಿ, ತಟ್ಟೆ ತಿರುವಿ ಹಾಕಿದೆ.