ಮೇಷ್ಟರು ಮತ್ತೆ ಬೆಂಚಿನ ಮೇಲೆ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ಮಾತುಂಟು. ಆದರೆ ಇಪ್ಪತ್ತು ವರ್ಷ ಮನೆಯನ್ನಾಳಿದ ಅತ್ತೆಯನ್ನೇ ಕರೆದು, ಹತ್ತು ದಿನಗಳ ಮಟ್ಟಿಗೆ ತಿರುಗಿ ಸೊಸೆಯಾಗಿರಮ್ಮ ಎಂದರೆ ಹೇಗಾದೀತು? ಕಾಲೇಜು ಅಧ್ಯಾಪಕರನ್ನು ತರಬೇತಿ ಶಿಬಿರಕ್ಕೆ ಕಳುಹಿಸಿದಾಗ ಆಗುವುದು ಬಹುಮಟ್ಟಿಗೆ ಅದೇ. ಕರಿಹಲಗೆಗೆ ಬೆನ್ನು ಕೊಟ್ಟು ನಿಂತು ಅಭ್ಯಾಸವಾದ ದೇಹವು ಕರಿಹಲಗೆಗೆ ಮುಖಮಾಡಿ ಕುಳಿತುಕೊಳ್ಳಲು ಒಪ್ಪುವುದಿಲ್ಲ. ಮೊದಲ ದಿನವೇ ಹಿಂದಿನ ಬೆಂಚುಗಳು ಭರ್ತಿಯಾಗುತ್ತವೆ. ಯಾವ ಹಿಂದಿನ ಬೆಂಚನ್ನು ಜನ್ಮವಿಡೀ ಗದರಿಸಿ ಬಂದರೋ ಅದೇ ಬೆಂಚು!

ಇಂಥ ಶಿಬಿರಗಳು ಹೊಸವೇನೂ ಅಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲೇ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಅಧ್ಯಾಪಕರ ತರಬೇತಿಗೆಂದು ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಬಡ್ತಿ ಬೇಕಾದವರು ಓರಿಯೆಂಟೇಷನ್, ರಿಫ್ರೆಷರ್ ಎಂಬ ಎರಡು ಹೊಳೆಗಳನ್ನು ದಾಟಲೇಬೇಕಾಯಿತು. ಹೊಳೆ ದಾಟುವವರೆಲ್ಲ ಸ್ನಾನಕ್ಕೆಂದೇ ನೀರಿಗಿಳಿಯುತ್ತಾರೆಂದು ಯಾರೂ ಹೇಳಲಾರರು. ಪ್ರಮಾಣಪತ್ರ ಕೈಸೇರಿದರೆ ಸಾಕು, ಮೈ ಒದ್ದೆಯಾಗದಿದ್ದರೆ ಇನ್ನೂ ಲೇಸು ಎನ್ನುವವರೂ ಉಂಟು.

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಹೋಬಳಿಯ ಕುದಾಪುರಕ್ಕೆ ಬರುವವರಿಗೆ ಹಾಗೆ ಒಣಗಿದ ಮೈಯಲ್ಲಿ ಪಾರಾಗುವುದು ಅಷ್ಟು ಸುಲಭವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿರುವುದು ಅಲ್ಲಿ. ಅದರ ಪ್ರತಿಭಾ ವಿಕಾಸ ಕೇಂದ್ರದಲ್ಲಿ ಪ್ರೌಢಶಾಲೆಯ, ಪದವಿಪೂರ್ವ ಹಾಗೂ ಪದವಿ ಕಾಲೇಜುಗಳ ವಿಜ್ಞಾನ ಅಧ್ಯಾಪಕರು ಅಲ್ಲಿಯೇ ಉಂಡು, ಮಲಗಿ, ಪ್ರಯೋಗಗಳನ್ನು ತಮ್ಮ ಕೈಯಿಂದ ಮಾಡಿ ಕಲಿಯುತ್ತಾರೆ. ಸುತ್ತಮುತ್ತ ಸಿನಿಮಾ ಮಂದಿರವಿಲ್ಲ, ಪೇಟೆಯಿಲ್ಲ, ತಪ್ಪಿಸಿಕೊಂಡು ಹೋಗಲು ನೆಂಟರ ಮನೆಯೂ ಇಲ್ಲ. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಬಯಲು. ಗಾಳಿ, ಬಿಸಿಲು, ಆಕಾಶ. ರಾತ್ರಿಯಾದರೆ ಅಧ್ಯಾಪಿಕೆಯರು ದೂರವಾಣಿಯಲ್ಲಿ ಮನೆಯವರಿಗೆ ಸಾರಿನ ಪುಡಿಯ ಡಬ್ಬಿ ಯಾವ ಗೂಡಿನಲ್ಲಿದೆಯೆಂದು ತಿಳಿಸುತ್ತಾರೆ. ಆ ಮನೆಗಳಲ್ಲಿಯೂ ಒಂದು ಬಗೆಯ ತರಬೇತಿ ನಡೆದಿರುತ್ತದೆ. ಅದಕ್ಕೆ ಪ್ರಮಾಣಪತ್ರವಿಲ್ಲ, ಅಷ್ಟೆ.

ಪ್ರಯೋಗ ಎಂದೊಡನೆ ವಿಜ್ಞಾನದ ಮೇಷ್ಟರಿಗೆ ಭಯವೇಕೆ ಎಂದು ವಾಚಕರು ಕೇಳಬಹುದು. ಕಾಲೇಜುಗಳಲ್ಲಿ ಪ್ರಯೋಗ ನಡೆಯುವ ಬಗೆಯನ್ನು ಬಲ್ಲವರು ಕೇಳುವುದಿಲ್ಲ. ಲೋಲಕದ ಪ್ರಯೋಗವನ್ನೇ ತೆಗೆದುಕೊಳ್ಳಿ. ದಾರಕ್ಕೊಂದು ಗುಂಡು ಕಟ್ಟಿ ತೂಗಿಬಿಟ್ಟು, ಅದರ ಆಂದೋಲನದ ಕಾಲದಿಂದ ಭೂಮಿಯ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯಬೇಕು. ಉತ್ತರ 9.8 ಎಂದು ಪುಸ್ತಕದಲ್ಲಿದೆ. ಹುಡುಗರಿಗೂ ಗೊತ್ತು, ಮೇಷ್ಟರಿಗೂ ಗೊತ್ತು, ಪರೀಕ್ಷಕರಿಗಂತೂ ಗೊತ್ತೇ ಇದೆ. ಆದ್ದರಿಂದ ಎಷ್ಟೋ ಕಡೆ ಲೆಕ್ಕವು ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ. ಮೊದಲು 9.8 ಬರೆಯುವುದು, ಅನಂತರ ಅದಕ್ಕೆ ಹೊಂದುವ ಅಳತೆಗಳನ್ನು ತುಂಬುವುದು. ರೆಕಾರ್ಡು ಪುಸ್ತಕ ಮುತ್ತಿನಂಥ ಅಕ್ಷರಗಳಿಂದ ಶೋಭಿಸುತ್ತದೆ. ಗುಂಡು ಮಾತ್ರ ಕಪಾಟಿನಲ್ಲಿ ಅಲುಗಾಡದೆ ಇರುತ್ತದೆ.

ನಿಜವಾಗಿ ತೂಗಿನೋಡಿದರೆ ಕಥೆಯೇ ಬೇರೆ. ಒಂದು ಮೀಟರು ಉದ್ದದ ಲೋಲಕ ಒಂದು ಸಲ ಹೋಗಿ ಬರಲು ಸುಮಾರು 2 ಸೆಕೆಂಡು ಬೇಕು. ಗಡಿಯಾರದ ಗುಂಡಿ ಒತ್ತುವ ಬೆರಳು 0.2 ಸೆಕೆಂಡು ತಡವಾದರೂ ಕಾಲದಲ್ಲಿ ನೂರಕ್ಕೆ ಹತ್ತರಷ್ಟು, ಉತ್ತರದಲ್ಲಿ ಅದರ ಇಮ್ಮಡಿಯ ಹತ್ತಿರ ವ್ಯತ್ಯಾಸ. ಇಪ್ಪತ್ತು ಆಂದೋಲನಗಳನ್ನು ಒಟ್ಟಿಗೆ ಎಣಿಸಿದರೆ ಅದೇ ಬೆರಳಿನ ತಪ್ಪು 40 ಸೆಕೆಂಡುಗಳಲ್ಲಿ ಹಂಚಿಹೋಗಿ ಕ್ಷುಲ್ಲಕವಾಗುತ್ತದೆ. ದಾರವನ್ನು ಗುಂಡಿನ ನಡುವಿನವರೆಗೆ ಅಳೆದರೋ, ಬುಡದವರೆಗೋ? ಗುಂಡನ್ನು ತುಸು ಸರಿಸಿ ಬಿಟ್ಟರೋ, ಉತ್ಸಾಹದಿಂದ ದೂರ ಎಳೆದು ಬಿಟ್ಟರೋ? ಒಂದೊಂದೂ ಉತ್ತರವನ್ನು ತನ್ನ ಕಡೆಗೆ ಎಳೆಯುತ್ತದೆ. 9.5 ಬಂದ ಹಾಳೆಯ ಮುಂದೆ, ನಾಲ್ಕು ಜನ ಸಹೋದ್ಯೋಗಿಗಳ ಎದುರಿಗೆ, ನರೆಗೂದಲಿನ ಅಧ್ಯಾಪಕರು ಕುಳಿತಾಗ ಹಳೆಯ ಚಾಪಲ್ಯ ಇಣುಕುತ್ತದೆ: ತಿದ್ದಿಬಿಟ್ಟರೇನು? ಹಾಗೆ ತಿದ್ದದೆ, 9.5 ಏಕೆ ಬಂತೆಂದು ಹುಡುಕಹೊರಡುವ ಕ್ಷಣದಲ್ಲಿಯೇ ಶಿಬಿರ ಆರಂಭವಾಗುವುದು. ಉದ್ಘಾಟನೆಯ ದೀಪ ಹಚ್ಚಿದಾಗಲ್ಲ.

ಸಂಜೆ ಆವರಣದ ಗೋಡೆಯ ಬದಿಗೆ ಅಡ್ಡಾಡಿದರೆ ಇನ್ನೊಂದು ಲೆಕ್ಕ ಎದುರಾಗುತ್ತದೆ. ಈ ನೆಲ ಅಮೃತಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯನ್ನು ಟಿಪ್ಪು ಅಮೃತಮಹಲ್ ಎಂದು ಕರೆದನು; ಹೈದರನ ಫಿರಂಗಿಗಳನ್ನೆಳೆದ ಎತ್ತುಗಳ ತಳಿ ಇಂಥ ಹುಲ್ಲುಗಾವಲುಗಳಲ್ಲಿಯೇ ಮೇದು ಬೆಳೆಯಿತು. ರಾಜರು ಹೋದ ಮೇಲೆ ಸುತ್ತಲ ಹಳ್ಳಿಗಳ ದನ, ಕುರಿ, ಮೇಕೆಗಳಿಗೆ ಅದು ಆಸರೆಯಾಗಿತ್ತು. ಚಳ್ಳಕೆರೆಯ ಕಂಬಳಿಗೆ ಹೆಸರು ಬಂದದ್ದು ಕುರಿಯಿಂದ, ಕುರಿ ಬದುಕಿದ್ದು ಈ ಹುಲ್ಲಿನಿಂದ. ಬೆಂಗಳೂರಿನಲ್ಲಿ ಮೈಸೂರು ಸಂಸ್ಥಾನ ವಿಜ್ಞಾನ ಸಂಸ್ಥೆಗೆ ಕೊಟ್ಟದ್ದು 371 ಎಕರೆ. ಇಲ್ಲಿ ಅದಕ್ಕೆ ದೊರೆತದ್ದು 1500 ಎಕರೆ. ಬೇರೆ ಸಂಸ್ಥೆಗಳಿಗೂ ಸಾವಿರಾರು ಎಕರೆ ಹೋಯಿತು. ಗೋಡೆಗಳೆದ್ದವು, ಹಳ್ಳಿಗರು ಪ್ರತಿಭಟಿಸಿದರು, ದೂರು ರಾಷ್ಟ್ರೀಯ ಹಸಿರು ನ್ಯಾಯಪೀಠದವರೆಗೆ ಮುಟ್ಟಿ 2014ರಲ್ಲಿ ತೀರ್ಪೂ ಬಂತು. ಗೋಡೆಯಾಚೆಯ ಕುರಿಗಾರನಿಗೆ ಮಾತ್ರ ಮೇವಿನ ದಾರಿ ಮೊದಲಿನಂತೆ ಉಳಿಯಲಿಲ್ಲ.

ವಿಜ್ಞಾನ ಬೇಡವೆಂದು ಆ ಕುರಿಗಾರನೂ ಹೇಳಲಾರ. ಅವನ ಮಗಳು ಕಾಲೇಜಿಗೆ ಹೋಗುವವಳೇ ಇದ್ದಾಳು. ಆದರೆ ಅಧ್ಯಾಪಕರು ಹತ್ತು ದಿನ ಕುಳಿತ ಬೆಂಚಿನ ಬಾಡಿಗೆಯನ್ನು ಸರ್ಕಾರ ಒಂದು ಪಾಲು ತೆತ್ತಿದ್ದರೆ, ಅವನು ಇನ್ನೊಂದು ಪಾಲು ತೆತ್ತಿದ್ದಾನೆ. ಅದೂ ಕೇಳಿ ಪಡೆದದ್ದಲ್ಲ. ಬಡ್ತಿಯ ಕಡತಕ್ಕೆ ಒಂದು ಕಾಗದ ಸೇರಿಸಿಕೊಂಡು ಹಿಂದಿರುಗಿದವರು ಈ ಬಾಕಿಯನ್ನು ಯಾವ ಲೆಕ್ಕದಲ್ಲಿ ತೋರಿಸುತ್ತಾರೋ ತಿಳಿಯದು.

ಶಿಬಿರ ಮುಗಿದು, ಕಾಲೇಜು ತೆರೆದು, ಮತ್ತೆ ಪ್ರಯೋಗಶಾಲೆಯ ಸರದಿ ಬರುತ್ತದೆ. ಯಾವುದೋ ಹಟ್ಟಿಯಿಂದ ಬಸ್ಸಿನಲ್ಲಿ ನಿಂತೇ ಬಂದ ಹುಡುಗಿ ಹೆದರುತ್ತ ಹಾಳೆಯನ್ನು ಮುಂದಿಡುತ್ತಾಳೆ. ಉತ್ತರ 9.4. ಪಕ್ಕದ ಸಾಲಿನಲ್ಲಿ ಎಲ್ಲರದೂ 9.8. ಕೆಂಪು ಶಾಯಿಯ ಲೇಖನಿ ಮೇಷ್ಟರ ಕೈಯಲ್ಲಿಯೇ ಇದೆ. ಅವರು ಅದನ್ನು ಮುಚ್ಚಿ ಜೇಬಿಗಿಟ್ಟು, "ಎಷ್ಟು ಆಂದೋಲನ ಎಣಿಸಿದೆಯಮ್ಮ? ಬಾ, ಇನ್ನೊಮ್ಮೆ ತೂಗಿನೋಡೋಣ" ಎನ್ನುತ್ತಾರೆಯೇ?