ಮೌನವು ನಿರಾಕರಣೆಯಲ್ಲ

ವಿದ್ಯಾರ್ಥಿವೇತನದ ಅರ್ಜಿಗೆ ಅಂದೇ ಕೊನೆಯ ದಿನ. ಪ್ರಸಾದ ನಿಲಯದ ಬಡ ಬಾಲಕನೊಬ್ಬನು ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಜಾಲತಾಣದ ವಿಳಾಸವನ್ನು ಬರೆದು ಕಾದು ಕುಳಿತಿದ್ದನು. ಬಿಳಿಯ ಪರದೆಯ ಮೇಲೆ ಸಣ್ಣದೊಂದು ಚಕ್ರವು ತಿರುಗುತ್ತಲೇ ಇದ್ದಿತು. ಕಡೆಗೆ ಮೂಡಿದುದು 'ಕನೆಕ್ಷನ್ ಟೈಮ್ಡ್ ಔಟ್' ಎಂಬ ಒಂದೇ ಸಾಲು.

"ನನ್ನ ಅರ್ಜಿ ಬೇಡವೆಂದರೇ ಸರ್?" ಎಂದು ಕೇಳುವಾಗ ಅವನ ಕಂಠ ಬಿಗಿದಿತ್ತು.

"ಇಲ್ಲಪ್ಪ, ಯಾರೂ ಬೇಡವೆಂದಿಲ್ಲ. ಅತ್ತಣಿಂದ ಉತ್ತರವೇ ಬಂದಿಲ್ಲ" ಎಂದರು ಗಣಿತದ ಗುರುಗಳು.

ವಿಷಯದ ಮರ್ಮವೆಲ್ಲ ಆ ಮಾತಿನಲ್ಲಿಯೇ ಅಡಗಿದೆ. 1981ರಲ್ಲಿ ಪ್ರಕಟವಾದ ಟಿಸಿಪಿ ನಿಯಮಾವಳಿಯಂತೆ, ಎರಡು ಕಂಪ್ಯೂಟರುಗಳು ಮಾತಿಗೆ ತೊಡಗುವ ಮುನ್ನ ಮೂರು ಸಂದೇಶಗಳು ಸಾಗಬೇಕು: ಒಂದು ಕರೆ, ಅದಕ್ಕೆ ಓಗೊಡುವಿಕೆ, ಓಗೊಟ್ಟದ್ದು ಕೇಳಿಸಿತೆಂಬ ಮರುನುಡಿ. ಅತ್ತಣ ಯಂತ್ರವು ಸಂಪರ್ಕವನ್ನು ಒಲ್ಲೆನೆಂದರೆ ಆ ಉತ್ತರ ಸಾಮಾನ್ಯವಾಗಿ ಕೂಡಲೇ ಬರುತ್ತದೆ, ಅದು ನಿರಾಕರಣೆ. ಯಾವ ಉತ್ತರವೂ ಬಾರದೆ ಕಾಯುವ ಅವಧಿ ತೀರಿದರೆ ಅದು ಟೈಮ್ ಔಟ್. ಕರೆಯು ದಾರಿಯಲ್ಲಿ ಕಳೆದಿರಬಹುದು. ಕಾವಲಿನ ಫೈರ್‌ವಾಲ್ ಅದನ್ನು ಸದ್ದಿಲ್ಲದೆ ತಡೆದಿರಬಹುದು. ಅತ್ತಣ ಯಂತ್ರವು ಸಂದಣಿಯಿಂದ ಬಸವಳಿದಿರಬಹುದು.

ಗುರುಗಳು ಹತ್ತಿರದಿಂದ ದೂರಕ್ಕೆ ಶೋಧಿಸುತ್ತ ಹೊರಟರು. ವಿಳಾಸವನ್ನು ಅಕ್ಷರಶಃ ಓದಿಸಿದರು, ಸರಿಯಾಗಿತ್ತು. ಬೇರೆ ತಾಣಗಳು ಒಡನೆಯೇ ತೆರೆದವು. ಶಾಲೆಯ ತಂತಿಯಲ್ಲಾಗಲಿ ರೂಟರಿನಲ್ಲಾಗಲಿ ದೋಷವಿರಲಿಲ್ಲ. ಬ್ರೌಸರಿನಲ್ಲಿ ಪ್ರಾಕ್ಸಿಯ ಹಳೆಯ ಜೋಡಣೆಯೇನಾದರೂ ಉಳಿದಿದೆಯೇ ಎಂದು ನೋಡಿದರು, ಅದೂ ಇರಲಿಲ್ಲ. ಕಡೆಗೆ ತಮ್ಮ ಮೊಬೈಲಿನಿಂದ, ಎಂದರೆ ಬೇರೊಂದು ದಾರಿಯಿಂದ, ಅದೇ ತಾಣವನ್ನು ಕರೆದರು. ಅಲ್ಲಿಯೂ ಮೌನವೇ. ತೊಡಕು ಬಹುಮಟ್ಟಿಗೆ ಅತ್ತಣದ್ದೇ ಎಂಬುದು ಸ್ಪಷ್ಟವಾಯಿತು.

ಅಷ್ಟರಲ್ಲಿ ಬಾಲಕನು ಗುಂಡಿಯನ್ನು ಬಿಟ್ಟೂಬಿಡದೆ ಒತ್ತತೊಡಗಿದ್ದನು. ಗುರುಗಳು ಅವನ ಕೈ ತಡೆದು ಹಳೆಯ ಪ್ರಸಂಗವೊಂದನ್ನು ಹೇಳಿದರು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ, ಕೇವಲ 400 ಗಜ ಅಂತರದ ಎರಡು ಸಂಸ್ಥೆಗಳ ನಡುವೆ, ಸೆಕೆಂಡಿಗೆ 32,000 ಬಿಟ್ ಸಾಗುತ್ತಿದ್ದ ಹಾದಿಯಲ್ಲಿ 40 ಬಿಟ್ ಮಾತ್ರ ಸಾಗುವಂತಾಯಿತು. ಯಂತ್ರಗಳು ತಾಳ್ಮೆಗೆಟ್ಟು ಕಳುಹಿಸಿದ್ದನ್ನೇ ಮತ್ತೆ ಮತ್ತೆ ಕಳುಹಿಸಿದ್ದು ಆ ದಟ್ಟಣೆಯನ್ನು ಇನ್ನಷ್ಟು ಹೆಚ್ಚಿಸಿತ್ತು. ವ್ಯಾನ್ ಜೇಕಬ್ಸನ್ 1988ರ ತಮ್ಮ ಲೇಖನದಲ್ಲಿ ಇದಕ್ಕೆ ಪರಿಹಾರ ತೋರಿದರು: ದಾರಿಯ ಶಕ್ತಿಯನ್ನರಿತು ಕಳುಹಿಸಬೇಕು; ಉತ್ತರ ಬಾರದಿದ್ದರೆ ಕಾಯುವ ಕಾಲವನ್ನು ಇಮ್ಮಡಿಗೊಳಿಸುತ್ತ ಹೋಗಬೇಕು. ಯಂತ್ರಕ್ಕೂ ಹೀಗೆ ತಾಳ್ಮೆಯನ್ನು ಕಲಿಸಬೇಕಾಯಿತು.

ಆದರೆ ತಾಳ್ಮೆಯೆಂದರೆ ಕೈಕಟ್ಟಿ ಕೂರುವುದಲ್ಲ. ಗುರುಗಳು ವೇಳೆಯನ್ನು ನಮೂದಿಸಿ ಪರದೆಯ ಚಿತ್ರವನ್ನು ಉಳಿಸಿಕೊಂಡರು. ಗಡುವು ಮೀರಿದರೆ ಅದೇ ಸಾಕ್ಷಿ. ಸಂಬಂಧಪಟ್ಟ ಕಚೇರಿಗೆ ದೂರವಾಣಿಯ ಮೂಲಕ ತಿಳಿಸಿದರು. ರಾತ್ರಿ ಪ್ರಸಾದವಾದ ಬಳಿಕ ಮತ್ತೊಮ್ಮೆ ಕರೆದಾಗ ತಾಣವು ಓಗೊಟ್ಟಿತು. ಅರ್ಜಿಯ ಸಂಖ್ಯೆಯನ್ನು ಬಾಲಕನು ತನ್ನ ಗಣಿತದ ಪುಸ್ತಕದ ಹಿಂಬದಿಯಲ್ಲಿ ದುಂಡಗೆ ಬರೆದುಕೊಂಡನು.

ಪ್ರಶ್ನೆ ಕೇಳಿದಾಗ ತಲೆತಗ್ಗಿಸಿ ನಿಲ್ಲುವ ಮಕ್ಕಳು ಪ್ರತಿಯೊಂದು ತರಗತಿಯಲ್ಲಿಯೂ ಇರುತ್ತಾರೆ. ಅವರ ಮೌನವನ್ನು ದಡ್ಡತನವೆಂದು ಬರೆದುಬಿಡುವುದು ಬಲು ಸುಲಭ. ಪ್ರಶ್ನೆ ಮಗುವಿಗೆ ತಲುಪಿತೇ, ನಡುವೆ ಹಸಿವೋ ಅಂಜಿಕೆಯೋ ಅಡ್ಡ ನಿಂತಿದೆಯೇ ಎಂದು ಹತ್ತಿರದಿಂದ ಶೋಧಿಸಿ, ಕೊಂಚ ಕಾದು, ಮತ್ತೊಮ್ಮೆ ಮೆಲ್ಲಗೆ ಕರೆಯುವವರೇ ಗುರುಗಳು.